ಬೈಟನ್‌ವೆಲ್ಡರ್ಟ್ ಜನ ಬೆಚ್ಚಿಬಿದ್ದದ್ದು ಏಕೆ ಗೊತ್ತಾ?

ಬೈಟನ್‌ವೆಲ್ಡರ್ಟ್‌ನಲ್ಲಿ ಯಾರೂ ಬೆಚ್ಚಿಬಿದ್ದಿಲ್ಲ. ಆಮ್‌ಸ್ಟರ್‌ಡ್ಯಾಮ್ ನಗರದ ದಕ್ಷಿಣ ಅಂಚಿನ ಈ ಬಡಾವಣೆ ಸುಲಭಕ್ಕೆ ಬೆಚ್ಚಿಬೀಳುವ ಪೈಕಿಯದೂ ಅಲ್ಲ. 1950ರ ದಶಕದ ಕೊನೆಯಿಂದ ಶುರುವಾಗಿ ಕಟ್ಟುತ್ತ ಬಂದ ಅಚ್ಚುಕಟ್ಟು ಅಪಾರ್ಟ್‌ಮೆಂಟ್ ಸಾಲುಗಳು, ನಡುನಡುವೆ ಹುಲ್ಲುಹಾಸು, ಗೆಲ್ಡರ್‌ಲ್ಯಾಂಡ್‌ಪ್ಲೈನ್ ಎಂಬ ಅಂಗಡಿಗಳ ಸಂಕೀರ್ಣ, ಆಚೆಗೊಂದು ದೊಡ್ಡ ಉದ್ಯಾನ, ಉದ್ದಕ್ಕೂ ಓಡುವ 5ನೇ ನಂಬರಿನ ಟ್ರಾಮು. ವಯಸ್ಸಾದವರ ಸಂಖ್ಯೆ ಇಲ್ಲಿ ತುಸು ಹೆಚ್ಚು. ಅದೇ ಟ್ರಾಮು ಮುಂದೆ ಹೋಗಿ ನಿಲ್ಲುವ ಆಮ್‌ಸ್ಟೆಲ್ವೇನ್‌ನಲ್ಲಿ ಭಾರತದಿಂದ ಬಂದ ಸಾವಿರಾರು ಜನರಿದ್ದಾರೆ. ಹಾಗಾಗಿ ಸಂಜೆ ಹೊತ್ತು ಪಕ್ಕದ ಸೀಟಿನಿಂದ ಕನ್ನಡ ಕಿವಿಗೆ ಬಿದ್ದರೆ ತಿರುಗಿ ನೋಡಬೇಕಾದಷ್ಟು ಅಪರೂಪವೇನಲ್ಲ.

ಆ ಸೀಟಿನಲ್ಲಿ ಕೂತವರು ಊರಿನ ಸುದ್ದಿ ಓದಲು ಮೊಬೈಲ್ ತೆರೆದಿದ್ದಾರೆ ಎಂದುಕೊಳ್ಳಿ. ಸುದ್ದಿ ಮುಗಿಯುತ್ತದೆ. ಬೆರಳು ಇನ್ನೂ ಪರದೆಯ ಮೇಲೆ ಜಾರುತ್ತಿದೆ. ಕೆಳಗೆ ನಾಲ್ಕಾರು ಚೌಕಗಳು. ಒಂದರಲ್ಲಿ ಬಾಳೆಹಣ್ಣಿನ ಸಿಪ್ಪೆ ಸುತ್ತಿದ ಪಾದ. ಇನ್ನೊಂದರಲ್ಲಿ ಚರ್ಮದ ಮೇಲೆ ತೂತುಗಳೋ ಕಾಳುಗಳೋ ತಿಳಿಯದ ಏನೋ ಒಂದು. ಮೂರನೆಯದರಲ್ಲಿ ಸುಕ್ಕುಗಟ್ಟಿದ ಮುಖ, ಕಣ್ಣ ಕೆಳಗೆ ಕೆಂಪು ಬಾಣ. ನಾಲ್ಕನೆಯದರ ತಲೆಬರಹ: ‘ಬೈಟನ್‌ವೆಲ್ಡರ್ಟ್‌ನಲ್ಲಿ 50 ದಾಟಿದವರಿಗೆಲ್ಲ ಹೊಸ ಕಿವಿಯಂತ್ರ!’

ಪಾದ, ಚರ್ಮ, ಮುಖ ಎಲ್ಲ ಹಾಗಿರಲಿ, ನಮ್ಮ ಬಡಾವಣೆಯ ಹೆಸರು ಇವನಿಗೆ ಹೇಗೆ ಗೊತ್ತಾಯಿತು?

ಗೊತ್ತಾಗಿಲ್ಲ. ಜಾಹೀರಾತು ಬರೆದವನು ತಲೆಬರಹದಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದಾನೆ, ಅಷ್ಟೆ. ಹಳೆಯ ಲಗ್ನಪತ್ರಿಕೆಯಲ್ಲಿ ‘ಶ್ರೀ...’ ಎಂದು ಚುಕ್ಕಿ ಬಿಟ್ಟು ಅಚ್ಚು ಹಾಕಿಸಿ, ಆಮೇಲೆ ಕೈಯಲ್ಲಿ ಹೆಸರು ತುಂಬುತ್ತಿದ್ದರಲ್ಲ, ಹಾಗೆ. ಟಬೂಲಾದಂಥ ಜಾಹೀರಾತು ಜಾಲಗಳಲ್ಲಿ ‘ಇಲ್ಲಿ ಊರಿನ ಹೆಸರು ಬರಲಿ’ ಎಂಬ ಸಂಕೇತ ಹಾಕುವ ಸೌಲಭ್ಯ ಜಾಹೀರಾತುದಾರರಿಗೆ ಇದೆ. ಓದುಗರ ಇಂಟರ್ನೆಟ್ ವಿಳಾಸ ನೋಡಿ, ಪಟ್ಟಿಯಲ್ಲಿ ಅದರ ಎದುರಿಗೆ ಯಾವ ಊರು ನಮೂದಾಗಿದೆಯೋ ಅದನ್ನು ಯಂತ್ರ ತುಂಬುತ್ತದೆ. ಹುಬ್ಬಳ್ಳಿಯಲ್ಲಿ ಅದೇ ಜಾಹೀರಾತು ಹುಬ್ಬಳ್ಳಿಯ ಜನರನ್ನು ಬೆಚ್ಚಿಬೀಳಿಸುತ್ತದೆ, ಕಾಸರಗೋಡಿನಲ್ಲಿ ಕಾಸರಗೋಡಿನವರನ್ನು. ಈ ಪಟ್ಟಿಗಳು ತಪ್ಪುವುದೂ ಉಂಟು. ಅಮೆರಿಕದ ಕಾನ್ಸಾಸ್ ರಾಜ್ಯದ ಒಂದು ತೋಟದ ಮನೆಗೆ ವರ್ಷಗಟ್ಟಲೆ ಪೊಲೀಸರು, ಸಾಲ ವಸೂಲಿಯವರು, ಮೋಸ ಹೋದವರು ಬಂದು ಬಾಗಿಲು ಬಡಿಯುತ್ತಿದ್ದರು. ವಿಳಾಸ ಪಟ್ಟಿ ಮಾಡುವ ಮ್ಯಾಕ್ಸ್‌ಮೈಂಡ್ ಎಂಬ ಕಂಪನಿ, ಅಮೆರಿಕದಲ್ಲಿ ಎಲ್ಲಿಯದೆಂದು ತಿಳಿಯದ ಸುಮಾರು 60 ಕೋಟಿ ಇಂಟರ್ನೆಟ್ ವಿಳಾಸಗಳನ್ನು ದೇಶದ ನಡುಮಧ್ಯದ ಆ ಒಂದು ಬಿಂದುವಿಗೆ ಅಂಟಿಸಿಬಿಟ್ಟಿತ್ತು ಎಂಬುದು 2016ರಲ್ಲಿ ಬಯಲಾಯಿತು.

ಸುದ್ದಿಯ ಬುಡದಲ್ಲಿ ಕೂರುವ ಈ ಚೌಕಗಳ ಗುಂಪಿಗೆ ಇಂಗ್ಲಿಷಿನವರು ‘ಚಮ್‌ಬಾಕ್ಸ್’ ಎನ್ನುತ್ತಾರೆ. ದೊಡ್ಡ ಮೀನು ಹತ್ತಿರ ಬರಲಿ ಎಂದು ಸಮುದ್ರಕ್ಕೆ ಎಸೆಯುವ ರಕ್ತಸಿಕ್ತ ಮೀನಿನ ಚೂರುಗಳು ‘ಚಮ್’. ಕನ್ನಡದಲ್ಲಿ ಎರೆಬುಟ್ಟಿ ಎಂದರೆ ಸರಿಹೋದೀತು. ಜಾನ್ ಮಹೋನಿ ಎಂಬ ಬರಹಗಾರ 2015ರಲ್ಲಿ ‘ದಿ ಆಲ್’ ಪತ್ರಿಕೆಯಲ್ಲಿ ಎರೆಬುಟ್ಟಿಯ ಸರಕನ್ನೆಲ್ಲ ಜೀವಶಾಸ್ತ್ರದವರ ಗಾಂಭೀರ್ಯದಲ್ಲಿ ಜಾತಿವಾರು ವಿಂಗಡಿಸಿದ್ದರು: ಚರ್ಮದ್ದು, ಮುದಿ ಮುಖದ್ದು, ಪವಾಡದ ಮದ್ದಿನದು, ‘ನಿಮ್ಮೂರಿಗೆ ಹೊಸ ನಿಯಮ’ದ್ದು. ಹತ್ತು ವರ್ಷ ಕಳೆದರೂ ಆ ವಿಂಗಡಣೆಗೆ ಸೇರಿಸಬೇಕಾದ್ದು ಹೆಚ್ಚೇನಿಲ್ಲ. ಎರೆ ಬದಲಾಗಿಲ್ಲವೆಂದರೆ ಮೀನೂ ಬದಲಾಗಿಲ್ಲವೆಂದೇ ಅರ್ಥ.

ಬಾಳೆಸಿಪ್ಪೆಯ ಪಾದವನ್ನು ಇನ್ನೊಮ್ಮೆ ನೋಡಿ. ಫೋಟೊ ಮಸುಕು. ಬೆಳಕು ಸರಿಯಿಲ್ಲ. ಚೌಕಟ್ಟಿನೊಳಗೆ ಬರಬೇಕಾದ್ದು ಅರ್ಧಕ್ಕೇ ಕತ್ತರಿಸಿದೆ. ಮನೆಯವರೇ ಯಾರೋ ಅವಸರದಲ್ಲಿ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಂತಿದೆ. ಅದರ ಶಕ್ತಿಯೇ ಅಲ್ಲಿದೆ. 1994ರ ಅಕ್ಟೋಬರ್ 27ರಂದು ‘ಹಾಟ್‌ವೈರ್ಡ್’ ತಾಣದಲ್ಲಿ ಎಟಿ ಅಂಡ್ ಟಿ ಕಂಪನಿಯ ಬ್ಯಾನರ್ ಜಾಹೀರಾತು ಕಾಣಿಸಿಕೊಂಡಾಗ ನೋಡಿದ ನೂರರಲ್ಲಿ 44 ಜನ ಅದನ್ನು ಒತ್ತಿದ್ದರಂತೆ. ಹೊಸತರ ಆಕರ್ಷಣೆ. ನಾಲ್ಕೇ ವರ್ಷದಲ್ಲಿ, 1998ರಲ್ಲಿ, ರೈಸ್ ವಿಶ್ವವಿದ್ಯಾಲಯದ ಬೆನ್‌ವೇ ಮತ್ತು ಲೇನ್ ಎಂಬ ಸಂಶೋಧಕರು ‘ಬ್ಯಾನರ್ ಕುರುಡು’ ಎಂಬ ಮಾತನ್ನು ಟಂಕಿಸಬೇಕಾಯಿತು. ಅಂದವಾಗಿ, ಬಣ್ಣಬಣ್ಣವಾಗಿ, ಜಾಹೀರಾತಿನಂತೆ ಕಾಣುವುದನ್ನೆಲ್ಲ ಕಣ್ಣು ತಾನಾಗಿ ದಾಟಿಕೊಂಡು ಹೋಗುವುದನ್ನು ಕಲಿತುಬಿಟ್ಟಿತ್ತು. ಅಂದಮೇಲೆ ಕಣ್ಣಿಗೆ ಬೀಳಬೇಕಾದರೆ ಜಾಹೀರಾತಿನಂತೆ ಕಾಣಬಾರದು. ಅಂದವಾಗಿರಬಾರದು. ಅಷ್ಟೇ ಅಲ್ಲ, ಏನೆಂದು ಒಂದೇ ನೋಟಕ್ಕೆ ತಿಳಿಯಲೂಬಾರದು.

ಯಾರೋ ಕುತಂತ್ರಿ ಕೂತು ಆಲೋಚಿಸಿ ಬಾಳೆಸಿಪ್ಪೆ ಆರಿಸಿದ ಎಂದುಕೊಂಡರೆ ಅವನಿಗೆ ಅತಿಯಾದ ಗೌರವ ಕೊಟ್ಟಂತೆ. ಒಂದೇ ಸರಕಿಗೆ ಹತ್ತಾರು ಚಿತ್ರ, ಹತ್ತಾರು ತಲೆಬರಹ ಜೋಡಿಸಿ ಒಟ್ಟಿಗೆ ಹರಿಯಬಿಡುತ್ತಾರೆ. ಹೆಚ್ಚು ಬೆರಳು ಯಾವುದನ್ನು ಒತ್ತಿತೋ ಯಂತ್ರ ಅದನ್ನೇ ಮತ್ತೆ ಮತ್ತೆ ತೋರಿಸುತ್ತದೆ, ಉಳಿದದ್ದು ಸಾಯುತ್ತದೆ. ಹಾಗೆ ಉಳಿದುಕೊಂಡದ್ದು ಸಿಪ್ಪೆ. ಅಂದರೆ ಆರಿಸಿದವರು ಒತ್ತಿದವರು.

ಒತ್ತಿದ್ದೇಕೆ? ಇದಕ್ಕೊಂದು ಉತ್ತರ ಇದೇ ಆಮ್‌ಸ್ಟರ್‌ಡ್ಯಾಮ್‌ನಿಂದ ಬಂದಿದೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಸುಜಾನ್ ಓಸ್ಟರ್‌ವೈಕ್ 2017ರಲ್ಲಿ ‘ಪ್ಲಾಸ್ ವನ್’ ನಿಯತಕಾಲಿಕದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪ್ರಯೋಗದ ಏರ್ಪಾಡು ನಮ್ಮ ಎರೆಬುಟ್ಟಿಯನ್ನೇ ಹೋಲುತ್ತದೆ: ಎರಡು ಚಿತ್ರಗಳ ಸುಳಿವನ್ನು ಕ್ಷಣಕಾಲ ತೋರಿಸಿ, ಯಾವುದನ್ನು ಸರಿಯಾಗಿ ನೋಡುತ್ತೀರಿ ಎಂದು ಕೇಳುವುದು. ಒಂದು ಸಪ್ಪೆ ಚಿತ್ರ, ಇನ್ನೊಂದು ಸಾವು, ಹಿಂಸೆ, ನೋವಿನದು. ಮನುಷ್ಯರು ಮನುಷ್ಯರ ನಡುವೆ ಪಡುವ ಪಾಡು, ಉದಾಹರಣೆಗೆ ಯುದ್ಧದ ದೃಶ್ಯ, ಇದ್ದಾಗ ಜನ ಸಪ್ಪೆ ಚಿತ್ರ ಬಿಟ್ಟು ಅದನ್ನೇ ಹೆಚ್ಚಾಗಿ ಆರಿಸಿದರು. ಗಾಯಗೊಂಡ ಮುಖ, ಮೇಲೆರಗುವ ಶಾರ್ಕ್‌ನಂಥ ಚಿತ್ರಗಳಿಗೆ ಅಷ್ಟು ಬೇಡಿಕೆ ಇರಲಿಲ್ಲ. ಆದರೂ ನೂರಕ್ಕೆ ಸುಮಾರು 35 ಸಲ ಅವನ್ನೇ ಆರಿಸಿದ್ದರು. ಬರೀ ಮಾತಿನ ವಿವರಣೆ ಕೊಟ್ಟು ಕೇಳಿದಾಗಲೂ ಫಲಿತಾಂಶ ಹಾಗೇ ಇತ್ತು. 2020ರಲ್ಲಿ ಅವರ ತಂಡ ಸ್ಕ್ಯಾನರಿನಲ್ಲಿ ಮಲಗಿಸಿ ನೋಡಿದಾಗ, ಇಂಥದ್ದನ್ನು ನೋಡುತ್ತೇನೆಂದು ತೀರ್ಮಾನಿಸುವ ಹೊತ್ತಿಗೆ ಮೆದುಳಿನಲ್ಲಿ ಬಹುಮಾನದ ಸಂತೋಷಕ್ಕೆ ಸಂಬಂಧಪಟ್ಟ ಭಾಗಗಳೂ ಚುರುಕಾಗುವುದು ಕಂಡಿತು.

ಶಿರಾಡಿ ಘಾಟಿಯಲ್ಲಿ ಲಾರಿ ಮಗುಚಿದ್ದರೆ ಬಸ್ಸಿನ ಅಷ್ಟೂ ತಲೆ ಒಂದೇ ಕಡೆ ವಾಲುವುದನ್ನು ಕಂಡವರಿಗೆ ಸ್ಕ್ಯಾನರ್ ಬೇಕಾಗಿಲ್ಲ, ನಿಜ. ಆದರೆ ಓಸ್ಟರ್‌ವೈಕ್ ಅವರ ಲೆಕ್ಕದಲ್ಲಿ ಗಮನಿಸಬೇಕಾದ ಸಂಗತಿ 35 ಎಂಬ ಆ ಸಂಖ್ಯೆ. ಮೂರರಲ್ಲಿ ಎರಡು ಸಲ ಜನ ಮುಖ ತಿರುಗಿಸಿದ್ದಾರೆ. ಅಸಹ್ಯದ ಚಿತ್ರ ಎಲ್ಲರಿಗೂ ಇಷ್ಟ ಎಂಬುದು ಸುಳ್ಳು. ಆದರೆ ಒತ್ತುವುದಕ್ಕಷ್ಟೇ ದುಡ್ಡಿರುವ ವ್ಯಾಪಾರದಲ್ಲಿ ಮುಖ ತಿರುಗಿಸಿದವರ ವೋಟು ಎಣಿಕೆಗೇ ಬರುವುದಿಲ್ಲ.

ಚರ್ಮದ ತೂತುಗಳದು ಬೇರೆಯೇ ಕಥೆ. ತಾವರೆಯ ಬೀಜಕೋಶವನ್ನು ಕಂಡರೆ ಕೆಲವರಿಗೆ ಮೈ ಜುಮ್ಮೆನ್ನುತ್ತದೆ, ನೋಡಲಾಗುವುದಿಲ್ಲ. ಎಸೆಕ್ಸ್ ವಿಶ್ವವಿದ್ಯಾಲಯದ ಕೋಲ್ ಮತ್ತು ವಿಲ್ಕಿನ್ಸ್ 2013ರಲ್ಲಿ ಈ ‘ತೂತಿನ ಭಯ’ವನ್ನು ಪರೀಕ್ಷಿಸಿ, ಅಂಥ ಚಿತ್ರಗಳಲ್ಲಿ ಕಪ್ಪು-ಬಿಳುಪಿನ ವಿನ್ಯಾಸವೇ ಒಂದು ಬಗೆಯದಾಗಿರುತ್ತದೆ, ಕೆಲವು ವಿಷಜಂತುಗಳ ಮೈಮೇಲೂ ಅದೇ ವಿನ್ಯಾಸ ಕಾಣುತ್ತದೆ ಎಂದು ತೋರಿಸಿದರು. ಜಾಹೀರಾತಿನವರು ಆ ಬೀಜಕೋಶವನ್ನು ಕತ್ತರಿಸಿ ಮನುಷ್ಯನ ಭುಜಕ್ಕೆ ಅಂಟಿಸುತ್ತಾರೆ. ಸರಸ್ವತಿಯ ಆಸನದ ಗತಿ ನೋಡಿ.

ಚಿತ್ರ ಕಣ್ಣನ್ನು ನಿಲ್ಲಿಸುತ್ತದೆ, ಬೆರಳನ್ನು ಒತ್ತಿಸುವುದು ತಲೆಬರಹ. ‘ವೈದ್ಯರು ಈ ಒಂದು ತರಕಾರಿಯನ್ನು ಮುಟ್ಟಲೇಬೇಡಿ ಎನ್ನುತ್ತಾರೆ.’ ಯಾವ ತರಕಾರಿ? ಬದನೆಕಾಯಿಯೋ, ಮೊನ್ನೆ ತಂದ ಹೀರೆಕಾಯಿಯೋ? ಜಾರ್ಜ್ ಲೋವೆನ್‌ಸ್ಟೈನ್ ಎಂಬ ಸಂಶೋಧಕರು 1994ರ ಪ್ರಬಂಧದಲ್ಲಿ ಕುತೂಹಲವನ್ನು ಒಂದು ಬಗೆಯ ಕೊರತೆ ಎಂದು ವಿವರಿಸಿದ್ದರು. ಏನೂ ಗೊತ್ತಿಲ್ಲದ ವಿಷಯ ನಮ್ಮನ್ನು ಕಾಡುವುದಿಲ್ಲ, ಎಲ್ಲ ಗೊತ್ತಿರುವುದೂ ಕಾಡುವುದಿಲ್ಲ. ಅರ್ಧ ಗೊತ್ತಾಗಿ ಅರ್ಧ ಬಾಕಿ ಇರುವುದು ತುರಿಕೆಯಂತೆ ಕಾಡುತ್ತದೆ. ಇದಕ್ಕೆ ಕನ್ನಡದಲ್ಲಿ ಬಹಳ ಹಿಂದೆಯೇ ಹೆಸರಿಟ್ಟಾಗಿದೆ: ಮೂಗಿಗೆ ತುಪ್ಪ ಸವರುವುದು. ವಾಸನೆ ಬರಬೇಕು, ನಾಲಗೆಗೆ ಎಟಕಬಾರದು. ತುಪ್ಪ ಸಿಹಿಯದೇ ಆಗಬೇಕಿಲ್ಲ ಎನ್ನುವುದಕ್ಕೂ ಲೆಕ್ಕ ಸಿಕ್ಕಿದೆ. ಅಪ್‌ವರ್ದಿ ಎಂಬ ತಾಣ ಪರೀಕ್ಷೆಗೆಂದು ಹರಿಯಬಿಟ್ಟಿದ್ದ ಒಂದು ಲಕ್ಷಕ್ಕೂ ಹೆಚ್ಚು ತಲೆಬರಹಗಳನ್ನು ಪರಿಶೀಲಿಸಿ 2023ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ನಲ್ಲಿ ಬಂದ ಸಂಶೋಧನೆಯ ಪ್ರಕಾರ, ಸಾಧಾರಣ ಉದ್ದದ ತಲೆಬರಹದಲ್ಲಿ ನಕಾರಾತ್ಮಕ ಪದ ಒಂದು ಹೆಚ್ಚಾದರೆ ಒತ್ತುವವರ ಪ್ರಮಾಣ ಶೇ 2.3ರಷ್ಟು ಏರುತ್ತದೆ. ನಮ್ಮ ‘ಶಾಕಿಂಗ್’, ‘ಬೆಚ್ಚಿಬೀಳ್ತೀರಾ’, ‘ಮುಂದೇನಾಯ್ತು ನೋಡಿ’ಗಳ ವಂಶವೃಕ್ಷ ಇಲ್ಲಿದೆ.

ಜಾತ್ರೆಯ ಡೇರೆ ನೆನಪಿರುವವರಿಗೆ ಇದರಲ್ಲಿ ಹೊಸದೇನೂ ಕಾಣದು. ಹೊರಗೆ ಬಟ್ಟೆಯ ಮೇಲೆ ಹಾವಿನ ಮೈ, ಹೆಣ್ಣಿನ ತಲೆಯ ನಾಗಕನ್ನಿಕೆ. ಬಾಗಿಲಲ್ಲಿ ಮೈಕು ಹಿಡಿದವನು ಮಕ್ಕಳು, ಗರ್ಭಿಣಿಯರು ಒಳಗೆ ಬರಬಾರದು ಎಂದು ಕೂಗುತ್ತಾನೆ. ಆ ಎಚ್ಚರಿಕೆ ಕೇಳಿಯೇ ಸಾಲು ಉದ್ದವಾಗುತ್ತದೆ. ಒಳಗೆ ಕನ್ನಡಿಯ ಕೈಚಳಕ. ಹೊರಬಂದವರು ಬೈದುಕೊಳ್ಳುತ್ತಾರೆ, ಆದರೆ ಟಿಕೆಟ್ ಹರಿದಾಗಿದೆ. ಎರೆಬುಟ್ಟಿಯಲ್ಲೂ ಟಿಕೆಟ್ ಹರಿಯುವುದು ಬಾಗಿಲಲ್ಲೇ. ನೀವು ಒತ್ತಿದ ಕ್ಷಣಕ್ಕೆ ಜಾಹೀರಾತುದಾರ ದುಡ್ಡು ಕೊಡುತ್ತಾನೆ, ಅದು ಜಾಲಕ್ಕೂ ಸುದ್ದಿತಾಣಕ್ಕೂ ಹಂಚಿಹೋಗುತ್ತದೆ. ಒಂದೇ ವ್ಯತ್ಯಾಸವೆಂದರೆ ಡೇರೆಯವನು ಮೂರು ದಿನ ಇದ್ದು ಊರು ಬಿಡುತ್ತಿದ್ದ. ಇದು ಪತ್ರಿಕೆಯ ಅಂಗಳದಲ್ಲೇ ಬೀಡುಬಿಟ್ಟಿದೆ. ಇಂಥ ಜಾಹೀರಾತು ಜಾಲಗಳಾದ ಔಟ್‌ಬ್ರೈನ್, ಟಬೂಲಾ ಹುಟ್ಟಿದ್ದು ಇಸ್ರೇಲಿನಲ್ಲಿ. ಎರಡೂ 2021ರಲ್ಲಿ ಅಮೆರಿಕದ ಷೇರುಪೇಟೆಗೆ ಬಂದವು. 2022ರಲ್ಲಿ ಯಾಹೂ ಸಂಸ್ಥೆ ಟಬೂಲಾದೊಂದಿಗೆ ಮಾಡಿಕೊಂಡ ಒಪ್ಪಂದದ ಅವಧಿ 30 ವರ್ಷ. ಮನೆ ಬಾಡಿಗೆಗೆ 11 ತಿಂಗಳ ಕರಾರು ಬರೆದುಕೊಡುವ ನಮಗೆ ಇದೊಂದು ಪುರುಷಾಂತರದ ಮಾತು.

ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರತಿಷ್ಠಿತ ಸುದ್ದಿತಾಣಗಳನ್ನೂ ಸುಳ್ಳು ಸುದ್ದಿಯ ತಾಣಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಎರಡೂ ಕಡೆ ಇಂಥ ಜಾಹೀರಾತು ಧಾರಾಳವಾಗಿದ್ದವು. ಮೇಲೆ ಸಂಪಾದಕೀಯ ತತ್ತ್ವ, ಕೆಳಗೆ ಬಾಳೆಸಿಪ್ಪೆ. ಬೇರೆ ದಾರಿ ಇಲ್ಲವೇ ಇಲ್ಲ ಎಂಬ ಪತ್ರಿಕೆಯವರ ಅಳಲನ್ನು ಪೂರ್ತಿ ನಂಬಬೇಕಾಗಿಲ್ಲ. ನೆದರ್ಲೆಂಡ್ಸ್‌ನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಪಿಒ 2020ರ ಆರಂಭದಲ್ಲಿ ಓದುಗರ ಬೆನ್ನು ಹತ್ತುವ ಕುಕೀಗಳನ್ನೇ ತೆಗೆದುಹಾಕಿ, ಪುಟದ ವಿಷಯಕ್ಕೆ ಹೊಂದುವ ಜಾಹೀರಾತು ಮಾತ್ರ ತೋರಿಸಿತು. ಜನವರಿಯಲ್ಲಿ ಅದರ ಡಿಜಿಟಲ್ ಜಾಹೀರಾತು ವರಮಾನ ಹಿಂದಿನ ವರ್ಷಕ್ಕಿಂತ ಶೇ 62, ಫೆಬ್ರುವರಿಯಲ್ಲಿ ಶೇ 79 ಹೆಚ್ಚಿತ್ತು.

ಬಾಳೆಸಿಪ್ಪೆ ಒತ್ತಿದವರಿಗೆ ಹೋಗುವುದು ಹೆಚ್ಚೆಂದರೆ ಐದು ನಿಮಿಷ. ಅದೇ ಬುಟ್ಟಿಯಲ್ಲಿ ಇನ್ನೊಂದು ಎರೆ ಇದೆ, ಅದರ ಕೊಕ್ಕೆ ಗಂಟಲಿಗೇ ಇಳಿಯುತ್ತದೆ.

ಬೈಟನ್‌ವೆಲ್ಡರ್ಟ್‌ನ ಮುಖ್ಯರಸ್ತೆ ಬೈಟನ್‌ವೆಲ್ಡರ್ಟ್ಸೆಲಾನ್ ಉತ್ತರಕ್ಕೆ ಹೋಗುತ್ತ ಡೆ ಬೂಲೆಲಾನ್ ದಾಟಿದ ಮೇಲೆ ಪಾರ್ನಾಸಸ್‌ವೆಗ್ ಎಂದು ಹೆಸರು ಬದಲಿಸಿಕೊಳ್ಳುತ್ತದೆ. ಅದೇ ರಸ್ತೆಯಲ್ಲಿದೆ ಆಮ್‌ಸ್ಟರ್‌ಡ್ಯಾಮ್ ಜಿಲ್ಲಾ ನ್ಯಾಯಾಲಯ. 2019ರಲ್ಲಿ ಈ ನ್ಯಾಯಾಲಯಕ್ಕೆ ಜಾನ್ ಡೆ ಮೊಲ್ ಫೇಸ್‌ಬುಕ್ ವಿರುದ್ಧ ದೂರು ತಂದರು. ಹೆಸರು ಅಪರಿಚಿತವೆನಿಸಿದರೂ ಇವರ ಸರಕು ನಮ್ಮ ಮನೆಮನೆಗೂ ಬಂದಿದೆ. 1999ರ ಸೆಪ್ಟೆಂಬರ್‌ನಲ್ಲಿ ಆಲ್ಮೇರ್ ಎಂಬ ಊರಿನ ಒಂದು ಮನೆಯೊಳಗೆ ಒಂದಷ್ಟು ಜನರನ್ನು ಕೂಡಿ, ಕ್ಯಾಮೆರಾ ಇಟ್ಟು, ‘ಬಿಗ್ ಬ್ರದರ್’ ಎಂದು ಡಚ್ಚರಿಗೆ ತೋರಿಸಿದ ನಿರ್ಮಾಪಕ ಇವರೇ. 2013ರಲ್ಲಿ ಸುದೀಪ್ ನಿರೂಪಣೆಯಲ್ಲಿ ಕನ್ನಡಕ್ಕೆ ಬಂದ ‘ಬಿಗ್ ಬಾಸ್’ ಅದರದೇ ಕುಡಿ. ಪರರ ಮನೆಯ ಕಿಟಕಿಯಲ್ಲಿ ಇಣುಕುವ ಮನುಷ್ಯರ ಆಸೆಯಿಂದ ಕೋಟ್ಯಧಿಪತಿಯಾದವರ ಮುಖವನ್ನೇ ವಂಚಕರು ಎರೆ ಮಾಡಿಕೊಂಡಿದ್ದರು. ಡೆ ಮೊಲ್ ಬಿಟ್‌ಕಾಯಿನ್‌ನಲ್ಲಿ ಹಣ ಹೂಡಿ ಎನ್ನುತ್ತಿದ್ದಾರೆ ಎಂಬ ಜಾಹೀರಾತು, ಒತ್ತಿದರೆ ಸುಳ್ಳು ಹೂಡಿಕೆಯ ಬಲೆ. ಹೀಗೆ ಜನ ಕಳೆದುಕೊಂಡದ್ದು 17 ಲಕ್ಷ ಯೂರೊ ಎಂದು ನ್ಯಾಯಾಲಯದ ಮುಂದೆ ಲೆಕ್ಕ ಬಂತು.

ನಾವು ಬರೀ ಕೊಳವೆ, ಅದರಲ್ಲಿ ಹರಿಯುವ ನೀರಿಗೆ ನಾವು ಹೊಣೆಯಲ್ಲ ಎಂಬರ್ಥದ ವಾದವನ್ನು ಫೇಸ್‌ಬುಕ್ ಹೂಡಿತು. ನವೆಂಬರ್ 11ರಂದು ಬಂದ ತೀರ್ಪು ಅದನ್ನು ಒಪ್ಪಲಿಲ್ಲ. ಜಾಹೀರಾತೇ ಮುಖ್ಯ ಕಸುಬಾಗಿರುವ ಕಂಪನಿ ಜಾಹೀರಾತಿನ ವಿಷಯದಲ್ಲಿ ತಟಸ್ಥ ಎನ್ನಲಾಗದು ಎಂದ ನ್ಯಾಯಾಲಯ, ಸುಳ್ಳು ಜಾಹೀರಾತು ತೆಗೆಯಬೇಕು, ಹಾಕಿದವರ ವಿವರ ಕೊಡಬೇಕು, ತಪ್ಪಿದರೆ 11 ಲಕ್ಷ ಯೂರೊವರೆಗೆ ದಂಡ ತೆರಬೇಕು ಎಂದು ಆದೇಶಿಸಿತು. ಫೇಸ್‌ಬುಕ್‌ನ ವರಮಾನದ ಮುಂದೆ ಆ ದಂಡ ಪುಡಿಗಾಸು. ಆದರೆ ಕೊಳವೆಯವನು ಕೊಳವೆಯವನಷ್ಟೇ ಅಲ್ಲ ಎಂಬ ಮಾತು ದಾಖಲೆಗೆ ಸೇರಿತು.

ಅದಾದ ನಾಲ್ಕು ವರ್ಷಕ್ಕೆ ಬೆಂಗಳೂರಿನ ಸರದಿ. 2023ರ ಡಿಸೆಂಬರ್‌ನಲ್ಲಿ ಇನ್ಫೊಸಿಸ್ ನಾರಾಯಣ ಮೂರ್ತಿ ಎಕ್ಸ್ ತಾಣದಲ್ಲಿ ಎಚ್ಚರಿಕೆ ಬರೆಯಬೇಕಾಯಿತು. ತಾವು ಯಾವುದೋ ಸ್ವಯಂಚಾಲಿತ ವಹಿವಾಟಿನ ಆ್ಯಪ್‌ಗಳನ್ನು ಮೆಚ್ಚಿರುವುದಾಗಿ, ಹಣ ಹೂಡಿರುವುದಾಗಿ ಪ್ರಸಿದ್ಧ ಪತ್ರಿಕೆಗಳ ಸೋಗಿನ ತಾಣಗಳಲ್ಲಿ ಬರುತ್ತಿರುವುದೆಲ್ಲ ಸುಳ್ಳು, ಡೀಪ್‌ಫೇಕ್ ಸಂದರ್ಶನಗಳೂ ಹರಿದಾಡುತ್ತಿವೆ ಎಂದು. ಎಚ್ಚರಿಕೆ ಮುಟ್ಟಬೇಕಾದ ಎಲ್ಲರಿಗೂ ಮುಟ್ಟಲಿಲ್ಲ. ಮರುವರ್ಷ ಮೂರ್ತಿ ಮತ್ತು ಮುಕೇಶ್ ಅಂಬಾನಿ ಅವರ ನಕಲಿ ವಿಡಿಯೊ ನಂಬಿ ಬೆಂಗಳೂರಿನ ಇಬ್ಬರು 80 ಲಕ್ಷ ರೂಪಾಯಿಗೂ ಹೆಚ್ಚು ಕಳೆದುಕೊಂಡ ದೂರುಗಳು ಪೊಲೀಸರ ಮುಂದೆ ಬಂದವು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡೆ ಮೊಲ್, ಜಯನಗರದ ಓದುಗರಿಗೆ ನಾರಾಯಣ ಮೂರ್ತಿ. ತಲೆಬರಹದಲ್ಲಿ ಊರಿನ ಹೆಸರಿಗೆ ಜಾಗ ಬಿಟ್ಟಂತೆಯೇ ಇಲ್ಲಿ ಮುಖಕ್ಕೆ ಜಾಗ ಬಿಟ್ಟಿದ್ದಾರೆ. ತುಂಬುವ ಮುಖ ಆ ನೆಲದಲ್ಲಿ ದುಡ್ಡಿನ ವಿಷಯಕ್ಕೆ ನಂಬಿಕಸ್ಥರದಾಗಿರಬೇಕು, ಅಷ್ಟೆ.

ತಪಾಸಣೆ ಇಲ್ಲವೇ ಎಂದರೆ ಇದೆ. ಆದರೆ ಪರೀಕ್ಷಿಸಲು ಬರುವ ಯಂತ್ರಕ್ಕೆ ಒಂದು ಪುಟ, ನಿಜವಾದ ಓದುಗರಿಗೆ ಇನ್ನೊಂದು ಪುಟ ತೋರಿಸುವ ಮಾರುವೇಷದ ವಿದ್ಯೆ ವಂಚಕರಿಗೆ ಕರಗತ. ಸುಂಕದವನ ಮುಂದೆ ಹುಲ್ಲಿನ ಹೊರೆ, ಸಂತೆಯೊಳಗೆ ಬಿಚ್ಚಿದರೆ ಬೇರೆ ಸರಕು. ಇನ್ನು ಸುಂಕದವನಿಗೇ ಇದರಲ್ಲಿ ಎಷ್ಟು ಆಸಕ್ತಿ ಎಂಬುದು ಬೇರೆ ಪ್ರಶ್ನೆ. ಫೇಸ್‌ಬುಕ್‌ನ ಒಡೆಯ ಮೆಟಾ ಕಂಪನಿ 2024ರ ತನ್ನ ವರಮಾನದ ಶೇ 10ರಷ್ಟು, ಅಂದರೆ ಸುಮಾರು 1,600 ಕೋಟಿ ಡಾಲರ್, ವಂಚನೆ ಮತ್ತು ನಿಷೇಧಿತ ಸರಕಿನ ಜಾಹೀರಾತುಗಳಿಂದ ಬರುತ್ತದೆ ಎಂದು ಒಳಗೊಳಗೇ ಅಂದಾಜು ಮಾಡಿತ್ತು ಎಂದು ಅದರ ಆಂತರಿಕ ದಾಖಲೆಗಳ ಆಧಾರದಲ್ಲಿ ರಾಯಿಟರ್ಸ್ 2025ರ ನವೆಂಬರ್‌ನಲ್ಲಿ ವರದಿ ಮಾಡಿತು. ಅದು ಒರಟು ಅಂದಾಜು, ಸಾಚಾ ಜಾಹೀರಾತುಗಳೂ ಅದರಲ್ಲಿ ಸೇರಿಹೋಗಿದ್ದವು ಎಂಬುದು ಕಂಪನಿಯ ಸಮಜಾಯಿಷಿ.

ಭಾರತದಲ್ಲಿ ಕಾನೂನು ಕೈಕಟ್ಟಿ ಕೂತಿಲ್ಲ. 2023ರ ನವೆಂಬರ್ 30ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ ತಡೆಯುವ ಮಾರ್ಗಸೂಚಿ ಹೊರಡಿಸಿ, ಗ್ರಾಹಕರನ್ನು ಏಮಾರಿಸುವ 13 ಬಗೆಯ ವರಸೆಗಳನ್ನು ಪಟ್ಟಿ ಮಾಡಿದೆ. ಸುದ್ದಿಯ ವೇಷದಲ್ಲಿ ಬರುವ ಜಾಹೀರಾತು ಅವುಗಳಲ್ಲೊಂದು. ಎರೆಬುಟ್ಟಿಯ ಮೂಲೆಯಲ್ಲಿ ನಸುಬೂದು ಬಣ್ಣದ ಇರುವೆ ಅಕ್ಷರದಲ್ಲಿ ‘ಪ್ರಾಯೋಜಿತ’ ಎಂದು ಬರೆದಿರುವುದು ವೇಷ ಕಳಚಿದಂತೆಯೋ, ಅದೂ ವೇಷದ ಭಾಗವೋ ಎಂಬುದನ್ನು ಕನ್ನಡಕ ಹಾಕಿಕೊಂಡು ಓದುಗರೇ ತೀರ್ಮಾನಿಸಬೇಕು.

ಬಾಳೆಸಿಪ್ಪೆ ಒತ್ತಿದ್ದಕ್ಕೆ ನಾಚಿಕೆ ಬೇಡ. ಆದರೆ ದುಡ್ಡು ಹೋದಾಗಲೂ ಅದೇ ನಾಚಿಕೆಯಿಂದ ಮನೆಯವರಿಗೆ ಹೇಳದೆ ಎರಡು ದಿನ ಕಳೆಯುವವರಿದ್ದಾರೆ. ಅಷ್ಟರಲ್ಲಿ ಹಣ ಖಾತೆಯಿಂದ ಖಾತೆಗೆ ಹಾರಿ ದೇಶ ದಾಟಿರುತ್ತದೆ. ಬೈಟನ್‌ವೆಲ್ಡರ್ಟ್‌ನಲ್ಲಿರುವವರು ಮೊದಲು ಬ್ಯಾಂಕಿಗೆ ತಿಳಿಸಿ, ಆಮೇಲೆ ಪೊಲೀಸರಿಗೆ ದೂರು ಕೊಡಬೇಕು. ಭಾರತದಲ್ಲಿ ಎಲ್ಲಿದ್ದರೂ ಆ ಗಂಟೆಯಲ್ಲೇ ಕರೆ ಮಾಡಬೇಕಾದ ಸಂಖ್ಯೆ 1930.